ಎಂಟು ಗಂಟೆ ಅಂದರೆ ಕರ್ನೂಲು

ಕೋಲಾರ ಎಪಿಎಂಸಿಯಿಂದ ಹೈದರಾಬಾದಿಗೆ ಟೊಮೆಟೊ ಲಾರಿ ಓಡಿಸುವವರಿಗೆ ದಾರಿ ಬಾಯಿಪಾಠ. ಚಿಂತಾಮಣಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಅನಂತಪುರ, ಕರ್ನೂಲು. ಹತ್ತಿರ ಹತ್ತಿರ 600 ಕಿಲೋಮೀಟರ್. ಲೋಡ್ ಗಾಡಿಗೆ ಗಂಟೆಗೆ 45 ಸಿಕ್ಕರೆ ಪುಣ್ಯ, ಅಲ್ಲಿಗೆ 13 ಗಂಟೆ ಆಯಿತು. ಹನ್ನೊಂದು ವರ್ಷ ನಾನು ಇದನ್ನು ಒಬ್ಬನೇ, ಒಂದೇ ಏಟಿಗೆ ಓಡಿಸಿದ್ದೇನೆ. ಅದರಲ್ಲಿ ಜಂಬ ಬೇರೆ.

ಆ ಜಂಬ ಇಳಿದದ್ದು ಒಂದು ಜುಲೈ ರಾತ್ರಿ, ಮೂರೂವರೆಗೆ. ಕರ್ನೂಲು ದಾಟಿ ಆಗಿತ್ತು, ಜಡ್ಚರ್ಲಾ ಇನ್ನೂ ಮುಂದೆ. ರಸ್ತೆಯ ಬಿಳಿ ಗೆರೆ ಎರಡಾಗಿ ಕಾಣುತ್ತಿತ್ತು. ಆಮೇಲೆ ಏನೂ ಕಾಣಲಿಲ್ಲ. ಎಡಗಡೆ ಟೈರಿನ ಕೆಳಗೆ ಜಲ್ಲಿ ಗರಗರ ಎಂದದ್ದು, ಕ್ಲೀನರ್ ಹುಡುಗ "ಅಣ್ಣಾ!" ಎಂದು ಚೀರಿದ್ದು, ಇವೆರಡೇ ನೆನಪು. ಎಡಗಡೆಯ ಮಿರರ್ ಒಂದು ಬೋರ್ಡಿಗೆ ಬಡಿದು ಹಾರಿಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ. ಗಾಡಿ ನಿಲ್ಲಿಸಿ ಕೆಳಗಿಳಿದರೆ ಕಾಲು ನಿಲ್ಲುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಷಡ್ಕನಿಗೆ ಹೇಳಿದೆ. ಅವನು ಕೆಎಸ್‌ಆರ್‌ಟಿಸಿ ಡ್ರೈವರ್. "ಡ್ಯೂಟಿ ಎಷ್ಟೊತ್ತಿಗೆ ಶುರು ಆಗಿತ್ತು?" ಎಂದ. ಸಂಜೆ ನಾಲ್ಕಕ್ಕೆ ಮಂಡಿ ಬಿಟ್ಟೆ ಅಂದೆ. "ಅದಲ್ಲಪ್ಪಾ, ಲೋಡ್ ಆಗೋವಾಗ ಗಾಡಿ ಹತ್ರ ನಿಂತಿರ್ತೀಯಲ್ಲ, ಅದು ಡ್ಯೂಟಿ ಅಲ್ವಾ?" ಬೆಳಗ್ಗೆ ಹನ್ನೊಂದಕ್ಕೇ ನಾನು ಮಂಡಿಯಲ್ಲಿದ್ದೆ. ಕ್ರೇಟ್ ಎಣಿಸಿದ್ದು, ಹಗ್ಗ ಬಿಗಿದದ್ದು, ಟಾರ್ಪಾಲ್ ಹಾಕಿದ್ದು ಯಾವುದನ್ನೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಗಾಡಿ ಜಲ್ಲಿಗೆ ಇಳಿದಾಗ ನನ್ನ ದಿನಕ್ಕೆ ಹದಿನಾರೂವರೆ ಗಂಟೆ ಆಗಿತ್ತು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಲೆಕ್ಕವನ್ನು ಅವನೇ ಬಿಡಿಸಿ ಹೇಳಿದ. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ದಾರಿಗೆ ಅನುಮತಿ ಪಡೆದರೆ 10 ಮತ್ತು 54. ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು. ಬಿಡುವೂ ಸೇರಿ ದಿನದ ಕೆಲಸ 12 ಗಂಟೆಯೊಳಗೆ ಮುಗಿಯಬೇಕು. ಐದು ಜನ ಕೆಲಸಗಾರರಿದ್ದರೆ ಕಾಯ್ದೆ ಅನ್ವಯ ಆಗುತ್ತಿತ್ತು. ನಮ್ಮ ಓನರ್ ಹತ್ತಿರ ಮೂರು ಗಾಡಿ, ಆರು ಜನ. 2020ರ ಹೊಸ ಕಾರ್ಮಿಕ ಸಂಹಿತೆ ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ, ಆದರೆ ನಾನು ಕಲಿತದ್ದು ಹಳೆಯ ಲೆಕ್ಕದಲ್ಲೇ.

ಮಾರನೇ ದಿನ ಒಂದು ನೋಟ್‌ಬುಕ್ ತಂದು ಸ್ಟೇರಿಂಗ್ ಮೇಲಿನ, ಬಿಸಿಲು ತಡೆಯುವ ಫ್ಲಾಪಿಗೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದೆ. ಮಂಡಿಗೆ ಬಂದ ಹೊತ್ತು, ಗಾಡಿ ಹೊರಟ ಹೊತ್ತು, ನಿಂತ ಹೊತ್ತು. ಅಷ್ಟೇ ಬರೆಯುವುದು. ಎರಡು ತಿಂಗಳಲ್ಲಿ ದಾರಿಯೇ ಗಂಟೆಗಳಾಗಿ ಕಾಣತೊಡಗಿತು. ಐದು ಗಂಟೆ ಅಂದರೆ ಅನಂತಪುರ, ಅಲ್ಲಿ ಊಟ. ಎಂಟು ಗಂಟೆ ಅಂದರೆ ಕರ್ನೂಲು. ಅದು ಬರೀ ಸ್ಟೇರಿಂಗ್ ಹಿಡಿದ ಲೆಕ್ಕ. ಅದಕ್ಕೇ ಲೋಡಿಂಗ್ ಹೊತ್ತಲ್ಲಿ ಗಾಡಿ ಹತ್ತಿರ ಕ್ಲೀನರ್‌ನನ್ನು ಬಿಟ್ಟು, ನಾನು ಮರದ ಕೆಳಗೆ ಮಲಗಲು ಶುರು ಮಾಡಿದೆ.

ಓನರ್‌ಗೆ ಪುಸ್ತಕ ತೋರಿಸಿದರೆ, "ಟೊಮೆಟೊ ನಿನ್ನ ನಿದ್ದೆಗೆ ಕಾಯ್ತದಾ?" ಅಂದರು. ಮಾತು ಸುಳ್ಳಲ್ಲ. ಆದರೆ ಎಲ್ಲ ಟೊಮೆಟೊಗೂ ಒಂದೇ ಅವಸರ ಇರುವುದಿಲ್ಲ. ಇದನ್ನು ನಾನು ಕ್ರೇಟಿನಲ್ಲೇ ನೋಡಿ ಕಲಿತೆ. ನಾಗ್ಪುರ, ದಿಲ್ಲಿ ಕಡೆಗೆ ಹೋಗುವ ಮಾಲು ದೋರಗಾಯಿ. ಮೇಲೆ ಹಸಿರು, ತುದಿಯಲ್ಲಿ ಸ್ವಲ್ಪ ಕೆಂಪು, ಒತ್ತಿದರೆ ಬೆರಳಿಗೆ ಗಟ್ಟಿ. ಅದಕ್ಕೆ ನಾಲ್ಕು ಗಂಟೆ ಹಾಲ್ಟ್ ಯಾವ ಲೆಕ್ಕ? ಪೂರ್ತಿ ಹಣ್ಣಾದರೆ ಮಾತ್ರ ಅವಸರ. ಈಗ ಒಪ್ಪುವ ಮೊದಲು ನಾಲ್ಕು ಕಡೆ ಕ್ರೇಟ್ ನೋಡುತ್ತೇನೆ. ದೋರಗಾಯಿ ಆದರೆ ಕರ್ನೂಲಿನಲ್ಲಿ ಬೆಳಗಿನವರೆಗೆ ಮಲಗುತ್ತೇನೆ ಅಂತ ಅಲ್ಲೇ ವ್ಯಾಪಾರಿಗೆ ಹೇಳಿಬಿಡುತ್ತೇನೆ. ಹಣ್ಣಾದರೆ ಎರಡನೇ ಡ್ರೈವರ್ ಬೇಕು.

ಬೇರೆ ರಾಜ್ಯಗಳಿಗೂ ಓಡುವ ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಬೇಕು ಅನ್ನುವ ನಿಯಮ ಮೊದಲಿತ್ತು. 2018ರಲ್ಲಿ ತೆಗೆದರು. ಓನರ್‌ಗಳಿಗೆ ಉಳಿತಾಯ, ನಮಗೆ ಏನು ಬಂತೋ! ನನ್ನ ಅದೃಷ್ಟಕ್ಕೆ ಕ್ಲೀನರ್ ಹುಡುಗ ಹೆವಿ ಲೈಸೆನ್ಸ್ ಮಾಡಿಸಿಕೊಂಡ. ಅವನಿಗೆ ಟ್ರಿಪ್ಪಿಗೆ 800 ರೂಪಾಯಿ ಹೆಚ್ಚು ಬಾಟಾ, ಅಂದರೆ ಭತ್ಯೆ, ಕೊಡಿ ಅಂತ ಓನರ್‌ಗೆ ಮೂರು ಸಲ ಕೇಳಿದೆ. ಮಿರರ್, ಪೇಂಟು, ಬಾಡಿ ರಿಪೇರಿಯ ಬಿಲ್ ಮುಂದಿಟ್ಟ ಮೇಲೆ ಒಪ್ಪಿದರು. ಅನಂತಪುರದವರೆಗೆ ಅವನು, ಆಮೇಲೆ ನಾನು. ಆದರೂ ಒಂದು ಮಾತು: ಓಡುವ ಗಾಡಿಯಲ್ಲಿ ಮಲಗುವುದು ನಿದ್ದೆ ಅಲ್ಲ, ಸುಮ್ನೆ ಕಣ್ಣು ಮುಚ್ಚಿದಂತೆ. ಅದನ್ನು ಪುಸ್ತಕದಲ್ಲಿ ಅರ್ಧಕ್ಕೇ ಬರೆದುಕೊಳ್ಳುತ್ತೇನೆ.

ವಾಪಸ್ ಬರುವಾಗ ಅವಸರವೇ ಇಲ್ಲ. ತರಕಾರಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಸಾಗಣೆ ಚೀಟಿ, ಬೇಡ, ವಾಪಸ್ ಲೋಡಿಗೆ ಬೇಕು. ಅದು 200 ಕಿಲೋಮೀಟರಿಗೆ ಒಂದು ದಿನ ಕೊಡುತ್ತದೆ. 600ಕ್ಕೆ ಮೂರು ದಿನ. ಬಿಲ್ಲೇ ಮೂರು ದಿನ ಕೊಟ್ಟಿರುವಾಗ ನಾನೇಕೆ ಒಂದೇ ರಾತ್ರಿಯಲ್ಲಿ ಬರಬೇಕು? ಮಲಗುವುದು ರಾತ್ರಿಯೇ. ಈಗ ಹೊಸದಾಗಿ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ, ನಮ್ಮದು ಹಳೇ ಗಾಡಿ. ಮೇ ತಿಂಗಳ ಮಧ್ಯಾಹ್ನ ಕರ್ನೂಲಿನಲ್ಲಿ ಕ್ಯಾಬಿನ್ ಅಂದರೆ ರೊಟ್ಟಿ ಹಂಚು.

ಇನ್ನೊಂದು ಲೆಕ್ಕ ಮಾತ್ರ ಕೂಡಿಬಂದಿಲ್ಲ. ವಾಪಸ್ ಲೋಡಿಗೆ ಗೋಡೌನ್ ಮುಂದೆ ಕೆಲವೊಮ್ಮೆ 14 ಗಂಟೆ ಕಾಯಬೇಕು. ಲೈನ್ ಯಾವಾಗ ಸರಿಯುತ್ತದೋ ಗೊತ್ತಿಲ್ಲ, ಮಲಗುವ ಹಾಗೂ ಇಲ್ಲ. ಅದನ್ನು ಕೆಂಪು ಪೆನ್ನಲ್ಲಿ ಬರೆಯುತ್ತೇನೆ. ಆ ಗಂಟೆಗಳಿಗೆ ಓನರ್ ಇನ್ನೂ ಬಾಟಾ ಕೊಟ್ಟಿಲ್ಲ. ಪ್ರತಿ ತಿಂಗಳು ಪುಸ್ತಕ ಮುಂದಿಟ್ಟು ಕೇಳುತ್ತಲೇ ಇದ್ದೇನೆ.