ಮೇಷ್ಟ್ರ ಮಾರುತಿಯ ಎಕ್ಸಾಸ್ಟ್ ನಟ್‌ಗಳು

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಎಂದು ಸದ್ದು, ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಸದ್ದೇ ಇಲ್ಲ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ 1998ರ ಮಾರುತಿ 800 ಕಾರನ್ನು ಮಂಡ್ಯದ ನನ್ನ ಗ್ಯಾರೇಜಿಗೆ ತಂದಾಗ ಹೇಳಿದ್ದು ಇಷ್ಟು. ಬೇರೆ ಕಡೆ ಎರಡು ಸಲ ವಾಲ್ವುಗಳನ್ನು ಆಡಿಸುವ ಟ್ಯಾಪೆಟ್ ಸರಿಮಾಡಿಸಿದ್ದರಂತೆ. ಎಂಜಿನ್ ಕಾದಂತೆ ಸದ್ದು ಮುಚ್ಚಿಹೋಗುತ್ತದೆ ಎಂದರೆ ನಾನು ಮೊದಲು ನೋಡುವುದು ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು, ಅಂದರೆ ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆಗೆ ಒಯ್ಯುವ ಕೊಳವೆಯನ್ನು. ಅದರ ಜೋಡಣೆಯಲ್ಲಿ ಸಂದಿದ್ದರೆ ಹೊಗೆ ಸೋರಿ ಟಿಕ್ ಎನ್ನುತ್ತದೆ, ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಬಾನೆಟ್ ಎತ್ತಿ ಟಾರ್ಚ್ ಹಿಡಿದೆ. ಮ್ಯಾನಿಫೋಲ್ಡ್ ಹೆಡ್ಡಿಗೆ, ಅಂದರೆ ಎಂಜಿನ್ನಿನ ಮೇಲ್ಭಾಗದ ಮುಚ್ಚಳಕ್ಕೆ, ಕೂಡುವ ತುದಿಯಲ್ಲಿ, ಹಳೆಯ ಮನೆಯ ದೀಪದ ಗೂಡಿನಲ್ಲಿ ಕಟ್ಟುವಂಥ ಮಸಿ ಕಟ್ಟಿತ್ತು.

“ಒಳಗೆ ಹೊಗೆ ವಾಸನೆ ಬರುತ್ತದೆಯೇ ಮೇಷ್ಟ್ರೇ?” ಎಂದು ಕೇಳಿದೆ.

“ಬರುತ್ತದಪ್ಪ. ಮೊಮ್ಮಗಳು ತಲೆನೋವು ಎನ್ನುತ್ತಿರುತ್ತಾಳೆ.”

ಅದನ್ನು ಕೇಳಿದ ಮೇಲೆ ಕಾರನ್ನು ಹಿಂದಕ್ಕೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೂಗಿಗೆ ಬಡಿಯುವುದು ಜೊತೆಯಲ್ಲಿರುವ ಬೇರೆ ಅನಿಲಗಳು ಮಾತ್ರ.

ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಹೊಗೆ ಸೋರದಂತೆ ಹಾಕುವ ಗ್ಯಾಸ್ಕೆಟ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಇಪ್ಪತ್ತು ವರ್ಷ ಬಿಚ್ಚದ ನಟ್‌ಗಳನ್ನು ಬಿಚ್ಚುವುದೇ ನಿಜವಾದ ಕೆಲಸ. ಮಾರುತಿ 800ರ 796 ಸಿಸಿ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ, ಅದಕ್ಕೆ ನೆಟ್ಟ ಸ್ಟಡ್‌ಗಳು (ನಟ್ ಕೂರುವ, ತಲೆಯಿಲ್ಲದ ಬೋಲ್ಟ್‌ಗಳು) ಉಕ್ಕು, ಮ್ಯಾನಿಫೋಲ್ಡ್ ಬೀಡು ಕಬ್ಬಿಣ. ಮೂರು ಲೋಹಗಳೂ ಕಾದಾಗ ಒಂದೇ ಸಮನೆ ಹಿಗ್ಗುವುದಿಲ್ಲ. ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಆದರೆ ಹೆಡ್ಡನ್ನು ನೀರು ತಣ್ಣಗಿಡುತ್ತದೆ, ಮ್ಯಾನಿಫೋಲ್ಡ್ ಮಾತ್ರ ಐದುನೂರು ಡಿಗ್ರಿಯವರೆಗೂ ಕಾಯಬಹುದು. ಮೂವತ್ತು ಸೆಂಟಿಮೀಟರ್ ಉದ್ದದ ಬೀಡು ಅಷ್ಟು ಕಾದರೆ ಹೆಡ್ಡಿಗಿಂತ ಸುಮಾರು ಒಂದು ಮಿಲಿಮೀಟರ್ ಹೆಚ್ಚು ಬೆಳೆಯುತ್ತದೆ, ಒಂದೊಂದು ತುದಿಗೆ ಅರ್ಧ ಮಿಲಿಮೀಟರ್. ಪ್ರತಿ ಸವಾರಿಯಲ್ಲೂ ತುದಿಯ ಸ್ಟಡ್‌ಗಳು ಅತ್ತಿತ್ತ ಎಳೆದಾಡಿಸಿಕೊಳ್ಳುತ್ತವೆ. ಮುರಿದ ಸ್ಟಡ್‌ಗಳು ಹೆಚ್ಚಾಗಿ ತುದಿಯವೇ ಆಗಿರುವುದು ಇದಕ್ಕೇ.

ಇದರ ಮೇಲೆ ತುಕ್ಕು. ಕಬ್ಬಿಣ ತುಕ್ಕಾದಾಗ ತಾನಿದ್ದಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ನಟ್ಟಿಗೂ ಸ್ಟಡ್ಡಿಗೂ ನಡುವೆ ಆ ಜಾಗವೆಲ್ಲಿದೆ? ಥ್ರೆಡ್ಡಿನ ಸಂದಿನಲ್ಲಿ ಬೆಣೆ ಹೊಡೆದಂತೆ ಬಿಗಿಯುತ್ತದೆ. ಕಾರನ್ನು ಎಲ್ಲಿ ತೊಳೆಯುತ್ತೀರಿ ಎಂದು ಮೇಷ್ಟ್ರನ್ನು ಕೇಳಿದೆ. ಭಾನುವಾರಗಳಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಹತ್ತಿರ, ಹೋದ ತಕ್ಷಣ ಬಾನೆಟ್ ಎತ್ತಿ ಬಕೆಟ್ಟಿನಲ್ಲಿ ನೀರು ಎರಚುತ್ತೇನೆ ಎಂದರು. ಚೆನ್ನಾಗಿ ಕಾದ ಬೀಡಿನ ಮೇಲೆ ಇಷ್ಟು ವರ್ಷ ಬಿದ್ದ ನೀರು ಏನು ಮಾಡಿತ್ತೆಂಬುದು ಕಣ್ಣೆದುರಿಗೇ ಇತ್ತು. ನಟ್‌ಗಳ ಮೂಲೆಗಳೇ ಸವೆದು ದುಂಡಗಾಗುವ ಹಂತಕ್ಕೆ ಬಂದಿದ್ದವು.

ಶುಕ್ರವಾರ ಸಂಜೆ ಸ್ಪ್ಯಾನರ್ ಹಿಡಿಯಲೇ ಇಲ್ಲ. ತಂತಿ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ಡುಗಳನ್ನು ಉಜ್ಜಿದೆ. ನಟ್ ಹೊರಬರುವುದು ಅದರ ಮೇಲೇ ಹಾದು ತಾನೇ, ಆ ದಾರಿ ಚೊಕ್ಕವಾಗಿರಬೇಕು. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಣ್ಣ ಸುತ್ತಿಗೆಯಿಂದ ಪ್ರತಿ ನಟ್ಟಿನ ತಲೆಗೆ ಹತ್ತು ಹನ್ನೆರಡು ಏಟು ಕೊಟ್ಟೆ. ಜೋರಾಗಿ ಅಲ್ಲ, ತೆಂಗಿನಕಾಯಿ ಬಲಿತಿದೆಯೇ ಎಂದು ಬಡಿದು ನೋಡುವಷ್ಟು. ಆ ಅದುರಿಗೆ ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ರಾತ್ರಿ ಮನೆಗೆ ಹೋಗುವ ಮೊದಲು ಇನ್ನೊಮ್ಮೆ, ಬೆಳಿಗ್ಗೆ ಬಂದ ಕೂಡಲೇ ಮತ್ತೊಮ್ಮೆ ಇದನ್ನೇ ಮಾಡಿದೆ. ಪೇಟೆಯಲ್ಲಿ ಎಲ್ಲರೂ ಕೇಳುವ ಡಬ್ಲ್ಯುಡಿ-40ರ ಮೂಲ ದ್ರಾವಣ ಹುಟ್ಟಿದ್ದು ತೇವವನ್ನು ಹೊರದೂಡಲು. ಹೀಗೆ ಹಿಡಿದುಕೊಂಡ ನಟ್ಟಿಗೆ ಅದಕ್ಕಿಂತ ತುಕ್ಕು ಬಿಡಿಸುವುದಕ್ಕೆಂದೇ ಮಾಡಿದ ಎಣ್ಣೆ ಮೇಲು ಎಂಬುದು ನನ್ನ ಅನುಭವ.

ಶನಿವಾರ ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಹಾಕಿದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಇಂಥ ನಟ್ಟಿನ ಮೂಲೆಗಳನ್ನು ಕ್ಷಣದಲ್ಲಿ ಕೆರೆದುಬಿಡುತ್ತದೆ. ಮೊದಲು ಬಿಚ್ಚುವ ದಿಕ್ಕಿಗಲ್ಲ, ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿದೆ. ನಂತರ ಬಿಚ್ಚುವ ಕಡೆಗೆ. ನಡುವಿನ ನಟ್‌ಗಳು ಕಿರ್ರೆಂದು ಅರಚಿ ಸಡಿಲವಾದವು. ಕಾಲು ಸುತ್ತು ಬಿಚ್ಚಿ, ಅರ್ಧ ಕಾಲು ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಕಾಲು ಸುತ್ತು. ಒಂದೇ ಸಮನೆ ಎಳೆದರೆ ಪುಡಿಯಾದ ತುಕ್ಕು ಮುಂದೆ ಗುಡ್ಡೆಯಾಗಿ ಮತ್ತೆ ಕಚ್ಚಿಕೊಳ್ಳುತ್ತದೆ.

ತುದಿಯ ನಟ್ಟಿಗೆ ಬಂದಾಗ ಕೈಗೆ ಬೇರೆಯೇ ಅನುಭವ. ನನಗೆ ಕೆಲಸ ಕಲಿಸಿದ ಮೈಸೂರಿನ ಬನ್ನಿಮಂಟಪದ ಉಸ್ತಾದರು ಮೊದಲ ವರ್ಷವೇ ಹೇಳಿದ್ದರು: “ತಿರುಗುವ ನಟ್ ಬೇರೆ, ತಿರುಚಿಕೊಳ್ಳುವ ಬೋಲ್ಟ್ ಬೇರೆ. ಎರಡರ ವ್ಯತ್ಯಾಸ ನಿನ್ನ ಮಣಿಕಟ್ಟಿಗೆ ತಿಳಿಯಬೇಕು.” ನಟ್ ಬಿಡುವಾಗ ಒಂದು ಚಿಟಿಕೆ ಸದ್ದು ಬಂದು, ಕೈಮೇಲಿನ ಭಾರ ತಟ್ಟನೆ ಇಳಿಯುತ್ತದೆ. ಸ್ಟಡ್ ತಿರುಚಿಕೊಳ್ಳುವಾಗ ಸದ್ದಿರುವುದಿಲ್ಲ. ಹಿಡಿ ಮೆತ್ತಗೆ ಮುಂದೆ ಹೋಗುತ್ತದೆ, ಕೈ ಸಡಿಲಿಸಿದರೆ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ. ಹಿಂದಕ್ಕೆ ಬರುವವರೆಗೆ ಉಳಿಸಿಕೊಳ್ಳಬಹುದು. ಹಿಂದಕ್ಕೆ ಬಾರದೆ, ಹಸಿ ಬೆಲ್ಲ ಎಳೆದಂತೆ ಜಗ್ಗಲು ಶುರುವಾದರೆ ಉಕ್ಕು ಸೋತಿದೆ ಎಂದೇ ಅರ್ಥ. ನನ್ನ ಕೈಯಲ್ಲಿದ್ದ ನಟ್ ಇನ್ನೂ ಹಿಂದಕ್ಕೆ ಬರುತ್ತಿತ್ತು. ಸಾಕೆಟ್ ತೆಗೆದಿಟ್ಟೆ.

ಈಗ ಬೆಂಕಿಯ ಸರದಿ. ಬ್ಯಾಟರಿ ತಂತಿ ಕಳಚಿದೆ, ಕಾರ್ಬ್ಯುರೇಟರಿನ ಪೆಟ್ರೋಲ್ ಪೈಪಿಗೆ ಬಿರಡೆ ಹಾಕಿದೆ, ಬಿಟ್ಟಿದ್ದ ಎಣ್ಣೆಯನ್ನೆಲ್ಲ ಒರೆಸಿದೆ, ಒದ್ದೆ ಗೋಣಿಚೀಲ ಮತ್ತು ಬೆಂಕಿ ಆರಿಸುವ ಸಿಲಿಂಡರನ್ನು ಕಾಲ ಬಳಿ ಇಟ್ಟುಕೊಂಡೆ. ಸಣ್ಣ ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ನಟ್ಟಿನ ಮೇಲೆ ಮಾತ್ರ ಹಿಡಿದೆ. ಸ್ಟಡ್ ಕಾಯುವ ಮೊದಲು ನಟ್ ಕಾದು ಹಿಗ್ಗಬೇಕು. ಜ್ವಾಲೆ ಹೆಡ್ಡಿನ ಕಡೆ ತಿರುಗದಂತೆ ಹುಷಾರಾಗಿರಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಎರಕದ ಮಿಶ್ರಲೋಹ ಇನ್ನೂ ಮೊದಲೇ. ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವ ಗುಣ ಅದಕ್ಕಿಲ್ಲ. ನೋಡುತ್ತಿದ್ದಂತೆ ಕುಸಿದುಬಿಡುತ್ತದೆ.

ನಟ್ ಮಂದ ಕೆಂಪಿಗೆ ಬಂದಾಗ ಬೆಂಕಿ ತೆಗೆದೆ. ಕೆಂಪು ಆರಿ ಕಪ್ಪಾದ ಮೇಲೆ ಮೇಣದ ಬತ್ತಿಯನ್ನು ಅದರ ಬುಡಕ್ಕೆ ಮುಟ್ಟಿಸಿದೆ. ಕರಗಿದ ಮೇಣ ಥ್ರೆಡ್ಡಿನ ಸಂದಿಗೆ ತಾನೇ ಹೀರಿಕೊಂಡು ಹೋಯಿತು. ಇದೂ ಉಸ್ತಾದರ ಪಾಠವೇ. ಸಾಕೆಟ್ ಹಾಕಿ ಎಳೆದೆ. ಎರಡು ಸಲ ಕಾಯಿಸಿ ಆರಿಸಿದ ಮೇಲೆ, ಮೂರನೆಯ ಸಲಕ್ಕೆ ಟಕ್ ಎಂದು ಬಿಟ್ಟಿತು. ಆ ಸದ್ದು ಕೇಳಲು ಎಷ್ಟು ವರ್ಷವಾದರೂ ನನಗೆ ಬೇಸರವಾಗಿಲ್ಲ.

ಇನ್ನೊಂದು ತುದಿಯದು ಬಿಡಲಿಲ್ಲ. ಅಷ್ಟೇ ಕಾಯಿಸಿದೆ, ಅಷ್ಟೇ ಮೇಣ. ಆದರೂ ಸ್ಟಡ್ ಒಳಗೇ ಅರ್ಧ ಸೀಳಿತ್ತೆಂದು ಕಾಣುತ್ತದೆ, ಮೆತ್ತಗಾಗಿ ಮುರಿದುಹೋಯಿತು. ಮ್ಯಾನಿಫೋಲ್ಡ್ ಹೊರತೆಗೆದು ನೋಡಿದರೆ ಹೆಡ್ಡಿನಿಂದ ಮೂರು ಮಿಲಿಮೀಟರ್ ಮಾತ್ರ ಹೊರಗಿತ್ತು.

ಇಂಥ ಕಡೆ ಹಲವರು ನಡುವೆ ತೂತು ಕೊರೆದು, ಮುರಿದ ತುಂಡನ್ನು ತಿರುಗಿಸಿ ತೆಗೆಯುವ ಈಜಿ ಔಟ್ ಎಂಬ ಉಪಕರಣ ಹಾಕುತ್ತಾರೆ. ನಾನು ಹಾಕುವುದಿಲ್ಲ. ಅದು ಗಡಸು ಉಕ್ಕು, ತುಂಬಾ ಪೆಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಮುಟ್ಟುವುದೂ ಇಲ್ಲ. ಒಮ್ಮೆ ಹಾಗೆ ಮುರಿದಿದ್ದ ಹೆಡ್ಡನ್ನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೊತ್ತುಕೊಂಡು ಹೋಗಿ, ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಯಂತ್ರದಲ್ಲಿ ತೆಗೆಸಿದ್ದೇನೆ.

ನನ್ನ ದಾರಿ ವೆಲ್ಡಿಂಗ್. ಉಳಿದ ತುಂಡಿಗೆ ಮೊದಲು ಒಂದು ವಾಷರ್ ಹಾಕಿ ಬೆಸೆದೆ, ಅದರ ಮೇಲೆ ಹೊಸ ನಟ್ ಇಟ್ಟು ನಟ್ಟಿನ ತೂತಿನೊಳಗೆ ವೆಲ್ಡ್ ತುಂಬಿದೆ. ವಾಷರ್ ಹೆಡ್ಡನ್ನು ಕಿಡಿಯಿಂದ ಕಾಯುತ್ತದೆ, ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಬೆಸೆದುಕೊಳ್ಳುವುದೂ ಇಲ್ಲ. ಸತು ಬಳಿದ ನಟ್ ಬೇಡ, ಅದರ ಹೊಗೆ ಜ್ವರ ತರಿಸುತ್ತದೆ. ಇನ್ನೊಂದು ಮಾತನ್ನು ನನ್ನ ಹುಡುಗರಿಗೆ ಗದರಿಯೇ ಹೇಳುತ್ತೇನೆ: ವೆಲ್ಡಿಂಗಿಗೆ ಮುನ್ನ ಆ ಜಾಗವನ್ನು ಬ್ರೇಕ್ ಕ್ಲೀನರಿನಿಂದ ತೊಳೆಯಬೇಡಿ. ಕ್ಲೋರಿನ್ ಇರುವ ಕ್ಲೀನರ್ ವೆಲ್ಡಿಂಗ್ ಶಾಖಕ್ಕೆ ಸಿಕ್ಕಿದರೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಜೀವ ತೆಗೆಯುವ ಅನಿಲ ಅದು.

ವೆಲ್ಡಿನ ಶಾಖ ಸ್ಟಡ್ಡಿನ ಬುಡದವರೆಗೂ ಇಳಿದಿತ್ತು. ಅದರ ಕೆಂಪು ಆರಲು ಬಿಟ್ಟು, ಸುತ್ತಲಿನ ಹೆಡ್ಡನ್ನು ಮೇಲೆ ಬಿದ್ದ ನೀರಿನ ಹನಿ ಉಂಡೆಯಾಗಿ ಓಡುವಷ್ಟು ಮಾತ್ರ ಬೆಚ್ಚಗೆ ಮಾಡಿದೆ. ಈ ಕಡೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುವುದೇ ನಮಗೆ ಅನುಕೂಲ, ತೂತು ಸ್ಟಡ್ಡಿಗಿಂತ ಹೆಚ್ಚು ಅಗಲವಾಗುತ್ತದೆ. ಮೊದಲ ನಟ್ ಬೆಸುಗೆ ಬಿಟ್ಟು ಕೈಗೇ ಬಂತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಬೆಸೆದಾಗ ಸ್ಟಡ್ ಅಲುಗಾಡಿತು. ಮುಂದಕ್ಕೆ ಹಿಂದಕ್ಕೆ ಆಡಿಸುತ್ತಾ ಹತ್ತು ನಿಮಿಷ ತೆಗೆದುಕೊಂಡೆ. ಹೊರಬಂದ ತುಂಡಿನ ಥ್ರೆಡ್ಡಿನಲ್ಲಿ ಅಲ್ಯೂಮಿನಿಯಂನ ಬಿಳಿ ಪುಡಿ ತುಂಬಿತ್ತು, ಹೆಡ್ಡಿನ ಥ್ರೆಡ್ ಚೆನ್ನಾಗಿಯೇ ಇತ್ತು.

ಉಳಿದದ್ದು ಸುಲಭ. ಥ್ರೆಡ್ ಕೊರೆಯುವ ಟ್ಯಾಪ್ ಎಂಬ ಉಪಕರಣ ಹಾಕಿ ತೂತಿನ ಥ್ರೆಡ್ ಚೊಕ್ಕಮಾಡಿದೆ. ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ಬಾಗಿತ್ತು. ಮೈಸೂರಿನಲ್ಲಿ ಮುಖವನ್ನು ಸಮತಟ್ಟಾಗಿ ಕಡೆಸಿಕೊಂಡು ಬಂದೆ. ಸ್ಟಡ್, ನಟ್, ಗ್ಯಾಸ್ಕೆಟ್ ಎಲ್ಲವೂ ಹೊಸದು, ನಟ್‌ಗಳು ತಾಮ್ರ ಲೇಪದವು. ನಟ್ ಮತ್ತೆ ಹಿಡಿದುಕೊಳ್ಳದಂತೆ ಥ್ರೆಡ್ಡಿಗೆ ಶಾಖ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿದೆ. ಪೇಸ್ಟ್ ಇದ್ದರೆ ಥ್ರೆಡ್ ಜಾರುತ್ತದೆ, ಅದೇ ಬಲಕ್ಕೆ ಸ್ಟಡ್ ಹೆಚ್ಚು ಬಿಗಿಯಾಗುತ್ತದೆ. ಆದ್ದರಿಂದ ಬಿಗಿಯುವ ಬಲ ಅಳೆಯುವ ಟಾರ್ಕ್ ವ್ರೆಂಚನ್ನು ಸ್ವಲ್ಪ ಇಳಿಸಿಟ್ಟು, ನಡುವಿನಿಂದ ತುದಿಯ ಕಡೆಗೆ ಎರಡು ಸುತ್ತಿನಲ್ಲಿ ಬಿಗಿದೆ.

ಸೋಮವಾರ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮೇಷ್ಟ್ರನ್ನು ಕರೆಸಿ ಅವರ ಕೈಯಿಂದಲೇ ಸ್ಟಾರ್ಟ್ ಮಾಡಿಸಿದೆ. ಟಿಕ್ ಟಿಕ್ ಇಲ್ಲ. ಅವರು ಬಾನೆಟ್ಟಿನ ಮೇಲೆ ಬಾಗಿ ಬಹಳ ಹೊತ್ತು ಕಿವಿಗೊಟ್ಟು ನಿಂತಿದ್ದರು. ಮುರಿದ ಸ್ಟಡ್ಡನ್ನು ಅವರ ಅಂಗೈಯಲ್ಲಿಟ್ಟು ನಾಲೆಯ ನೀರಿನ ವಿಷಯ ವಿವರಿಸಿದೆ.

“ಹಾಗಾದರೆ ಇನ್ನು ಮೇಲೆ ಎಂಜಿನ್ ಆರುವವರೆಗೆ ನಾಲೆಯ ಮೆಟ್ಟಿಲ ಮೇಲೆ ಕುಳಿತು ಪೇಪರ್ ಓದುತ್ತೇನೆ ಬಿಡಪ್ಪ” ಎಂದು ಆ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.