ಕೊಟ್ಟಿಗೆಯಲ್ಲೇ ಹಳೇ ಲಾರಿಯ ಬಾಡಿ ರಿಪೇರಿ: ಬಣ್ಣದ ಡಬ್ಬಿ ಕೊನೆಗೆ ತೆಗೆಯಿರಿ

ದೊಡ್ಡಪ್ಪನ ಲಾರಿ ಹದಿನೆಂಟು ವರ್ಷ ಹಲಸಿನ ಮರದ ಕೆಳಗೆ ನಿಂತಿತ್ತು. ಮುಂದೆ ಉದ್ದ ಬಾನೆಟ್ ಇರುವ ಹಳೇ ಟಾಟಾ ಮರ್ಸಿಡಿಸ್. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿದ್ದರಲ್ಲ, ಆ ಕಾಲದ್ದು. ಗುಜರಿಯವರು ಬಂದು ಕೆ.ಜಿ. ಲೆಕ್ಕದಲ್ಲಿ ರೇಟ್ ಹೇಳಿ ಹೋದರು. ನನಗೆ ಹೊಟ್ಟೆ ಉರಿಯಿತು. ಇಂಜಿನ್ ಆಮೇಲೆ ನೋಡೋಣ, ಮೊದಲು ಬಾಡಿ ಉಳಿಸೋಣ ಅಂತ ಶುರು ಮಾಡಿದೆ.

ಎರಡು ಬೇಸಿಗೆ ಹಿಡಿಯಿತು. ಮೊದಲ ಬೇಸಿಗೆಯ ಕೆಲಸ ಪೂರ್ತಿ ನೀರುಪಾಲು. ತುಕ್ಕಿನ ಮೇಲೇ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದಿದ್ದೆ. ಆಷಾಢ ಮುಗಿಯುವಷ್ಟರಲ್ಲಿ ಬಾಗಿಲ ಕೆಳಭಾಗ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ನೀರು ಜಿನುಗಿತು.

ಸಾಗರದ ಕಡೆಯ, ತಗಡು ಕೆಲಸದ ಹಳೇ ಟಿಂಕರ್ ಒಬ್ಬರನ್ನು ಕರೆತಂದು ತೋರಿಸಿದೆ. ಅವರು ಬಣ್ಣದ ಕಡೆ ನೋಡಲೇ ಇಲ್ಲ. "ನೀರು ಎಲ್ಲಿಂದ ಒಳಗೆ ಹೋಗ್ತದೆ, ಎಲ್ಲಿಂದ ಹೊರಗೆ ಬರ್ತದೆ, ಮೊದ್ಲು ಅದು ಹೇಳಿ ಮಾರಾಯ್ರೆ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬಾಗಿಲ ಒಳಗಿನ ತಗಡು ಬಿಚ್ಚಿ, ಕೆಳಗಿನ ಸಣ್ಣ ತೂತಿಗೆ ಕಡ್ಡಿ ಹಾಕಿ ಕೆದಕಿದರು. ಹಲಸಿನ ಎಲೆ ಕೊಳೆತು ಆದ ಕರಿ ಕೆಸರು ಒಂದು ಬೊಗಸೆ ಬಿತ್ತು. ಕಂಪನಿಯವರು ನೀರು ಹೋಗಲಿ ಅಂತ ಇಟ್ಟ ತೂತು ಅದು. ಮುಚ್ಚಿಕೊಂಡು ಎಷ್ಟು ವರ್ಷ ಆಗಿತ್ತೋ. ಇಲ್ಲಿಂದ ಮುಂದೆ ಹೇಳುವುದೆಲ್ಲ ಎರಡನೇ ಬೇಸಿಗೆಯ ಲೆಕ್ಕ.

ಯಾವಾಗ ಶುರು ಮಾಡಬೇಕು

ಬಯಲುಸೀಮೆಯವರಿಗೆ ಈ ಪ್ರಶ್ನೆಯೇ ಇಲ್ಲ. ಮಲೆನಾಡಿನ ನಮಗೆ ಇದೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗಲ್ಲ, ಇನ್ನು ಬಣ್ಣ ಒಣಗುತ್ತದಾ? ಆಮೇಲೆ ಅಡಿಕೆ ಕೊಯ್ಲು, ಸುಲಿತ. ಕೊಟ್ಟಿಗೆ ಖಾಲಿ ಆಗುವುದು ಶಿವರಾತ್ರಿ ಹೊತ್ತಿಗೆ. ಹಾಗಾಗಿ ಬಿಚ್ಚುವುದು, ಅಳತೆ, ಪಟ್ಟಿ ಬರೆಯುವುದು ಮಳೆಗಾಲದಲ್ಲೇ ಮುಗಿಸಿ. ಬೆಸುಗೆ, ಬಣ್ಣ ಎರಡೂ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಆಗಬೇಕು. ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆಯ ಕಾಟ.

ಕೆಲಸಕ್ಕೆ ಮೊದಲು ಕೊಟ್ಟಿಗೆ ಗುಡಿಸಿ. ಮೂಲೆಯಲ್ಲಿ ಒಣ ಅಡಿಕೆ ಸಿಪ್ಪೆ ಇದ್ದರೆ ಹೊರಗೆ ಸಾಗಿಸಿ, ಗ್ರೈಂಡರ್‌ನ ಒಂದು ಕಿಡಿ ಸಾಕು. ನಮ್ಮ ಲಾರಿಯ ಸೀಟಿನೊಳಗೆ ತೆಂಗಿನ ನಾರು ತುಂಬಿತ್ತು. ಸೀಟ್ ತೆಗೆಯದೆ ಬೆಸುಗೆ ಹಿಡಿದೆ. ಹೊಗೆ ಬಂದದ್ದು ನೋಡಿದ್ದು ನಾನಲ್ಲ, ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಅಮ್ಮ. ಈಗ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಪಕ್ಕದಲ್ಲೇ ಇರುತ್ತದೆ. ಬ್ಯಾಟರಿ ಮತ್ತು ಡೀಸೆಲ್ ಟ್ಯಾಂಕ್ ಬಿಚ್ಚಿ ಬೇರೆ ಕಡೆ ಇಡಿ. ಟ್ಯಾಂಕ್ ಖಾಲಿ ಇದೆ ಅಂತ ಅದಕ್ಕೇ ಬೆಸುಗೆ ಹಾಕಲು ಹೋಗಬೇಡಿ, ಖಾಲಿ ಟ್ಯಾಂಕಿನೊಳಗಿನ ಆವಿಯೇ ಸಿಡಿಯುವುದು.

ಬಿಚ್ಚುವಾಗ

ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ, ಬೇಕಾದ್ದಕ್ಕಿಂತ ಜಾಸ್ತಿಯೇ ತೆಗೆಯಿರಿ. ಬಿಚ್ಚಿದ ಬೋಲ್ಟ್‌ಗಳನ್ನು ಜಾಗದ ಹೆಸರು ಬರೆದ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಹಿಡಿದುಕೊಂಡ ಬೋಲ್ಟಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಆತುರಪಟ್ಟರೆ ತಲೆ ಮುರಿಯುತ್ತದೆ, ಬೋಲ್ಟಿನದ್ದು.

ಆಗ ಬಹಳಷ್ಟು ಲಾರಿಗಳು ಕಂಪನಿಯಿಂದ ಚಾಸಿ, ಬಾನೆಟ್, ಮುಂಭಾಗದ ತಗಡಿನ ಜೊತೆ ಬರುತ್ತಿದ್ದವು ಅಷ್ಟೆ. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲ ನಮ್ಮೂರ ಕಡೆಯ ಬಡಗಿ ಮತ್ತು ಟಿಂಕರ್ ಸೇರಿ ಮಾಡಿದ್ದು. ಮರದ ಚೌಕಟ್ಟು, ಅದರ ಮೇಲೆ ಮೊಳೆ ಹೊಡೆದ ತಗಡು. ಹಾಗಾಗಿ ಒಂದರ ಬಾಗಿಲು ಇನ್ನೊಂದಕ್ಕೆ ಕೂರಲ್ಲ, ಅಂಗಡಿಯಲ್ಲೂ ಸಿಗಲ್ಲ. ನಿಮ್ಮ ಕೊಳೆತ ತುಂಡೇ ನಿಮಗೆ ಅಳತೆ. ಎಷ್ಟೇ ಹಾಳಾಗಿರಲಿ, ಹೊಸದು ಕೂತು ಗಟ್ಟಿ ಆಗುವವರೆಗೆ ಹಳೆಯದನ್ನು ಎಸೆಯಬೇಡಿ.

ಹಳೇ ಬಣ್ಣ ಕೀಳುವುದು

ಹಳೇ ಲಾರಿ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೇಸರಿಯಲ್ಲಿ ಸೀಸ ಇರುತ್ತದೆ. ಒಣಗಿದ್ದನ್ನು ಗ್ರೈಂಡರಿನಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ವಾಟರ್ ಪೇಪರ್‌ನಲ್ಲಿ ಉಜ್ಜಿ, ಇಲ್ಲಾ ಪೇಂಟ್ ರಿಮೂವರ್ ಹಚ್ಚಿ ಕೆರೆಯಿರಿ. ಕೈಗೆ ಗ್ಲೌಸ್, ಮೂಗಿಗೆ ಫಿಲ್ಟರ್ ಇರುವ ಮಾಸ್ಕ್. ಕರ್ಚೀಫ್ ಸಾಲಲ್ಲ. ಕೆಳಗೆ ಟಾರ್ಪಾಲ್ ಹಾಸಿ ಚಕ್ಕೆಗಳನ್ನೆಲ್ಲ ಒಟ್ಟು ಮಾಡಿ, ಕೊಟ್ಟಿಗೆಯ ದನ ಅದನ್ನು ನೆಕ್ಕಿದರೆ ಜೀವಕ್ಕೇ ಅಪಾಯ.

ಕೆರೆಯುವ ಮೊದಲು ಹಳೇ ಅಕ್ಷರಗಳ ಮೇಲೆ ಬಟರ್ ಪೇಪರ್ ಇಟ್ಟು ಪೆನ್ಸಿಲ್‌ನಲ್ಲಿ ಅಚ್ಚು ತೆಗೆದುಕೊಳ್ಳಿ. ನಮ್ಮ ಲಾರಿಯ ಹಸಿರು ಬಣ್ಣದ ಕೆಳಗೆ ನೀಲಿ ಇತ್ತು, ನೀಲಿಯ ಕೆಳಗೆ ಕೆಂಪು ಅಕ್ಷರದಲ್ಲಿ "ಶ್ರೀ ಮಾರಿಕಾಂಬಾ ಪ್ರಸನ್ನ". 'ಕಾಂ'ನ ಸೊನ್ನೆಯೊಳಗೆ ಬರೆದವನು ಒಂದು ಸಣ್ಣ ಹೂವು ಬಿಡಿಸಿದ್ದ. ಅದನ್ನು ನೋಡಿದ ದಿನ ಮತ್ತೆ ಪೇಪರ್ ಮುಟ್ಟಲು ಮನಸ್ಸಾಗಲಿಲ್ಲ.

ತುಕ್ಕು

ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕಾಯಿಸಿದ ಜಿಲ್ಲೆ ನಮ್ಮದು, ಅದಕ್ಕೆ ತುಕ್ಕು ಹಿಡಿಸುವುದರಲ್ಲೂ ನಾವು ಹಿಂದೆ ಬಿದ್ದಿಲ್ಲ. ಸಣ್ಣ ಸುತ್ತಿಗೆಯಿಂದ ತಗಡನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ, ಸತ್ತಿದ್ದರೆ ರಟ್ಟು ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಅನುಮಾನ ಇದ್ದಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ. ತೂರಿದರೆ ಆ ಜಾಗ ಕೊಯ್ಯಬೇಕು. ಮೇಲೆ ಮಾತ್ರ ತುಕ್ಕಿದ್ದರೆ ಗ್ರೈಂಡರ್‌ಗೆ ಸಿಕ್ಕಿಸುವ ತಂತಿಯ ಕಪ್ ಬ್ರಷ್ ಸಾಕು. ಅಗಲ ತಗಡಿಗೆ ಜೋರಾಗಿ ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳು ಹೊಡೆಯುವುದು) ಮಾಡಿಸಿದರೆ ಸೊಟ್ಟಗಾಗುತ್ತದೆ, ಬೇಡ.

ಕೀಲು, ಹಿಡಿಕೆ, ಬ್ರಾಕೆಟ್‌ನಂಥ ಸಣ್ಣ ಸಾಮಾನಿಗೆ ಕರೆಂಟ್ ವಿಧಾನ ಚೆನ್ನಾಗಿದೆ. ಪ್ಲಾಸ್ಟಿಕ್ ಡ್ರಮ್ಮಿಗೆ 20 ಲೀಟರ್ ನೀರು, ಸುಮಾರು 200 ಗ್ರಾಂ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ. 12 ವೋಲ್ಟಿನ ಬ್ಯಾಟರಿ ಚಾರ್ಜರ್‌ನ ಕಪ್ಪು ವಯರ್ ತುಕ್ಕಿನ ಸಾಮಾನಿಗೆ, ಕೆಂಪು ವಯರ್ ಬೇಡದ ಕಬ್ಬಿಣದ ತುಂಡಿಗೆ. ಎರಡೂ ನೀರಲ್ಲಿ ಮುಳುಗಿರಬೇಕು, ಒಂದಕ್ಕೊಂದು ತಾಗಬಾರದು. ಒಂದು ರಾತ್ರಿಯಲ್ಲಿ ತುಕ್ಕು ಕಪ್ಪು ಪುಡಿಯಾಗಿ ಬಿಡುತ್ತದೆ. ಕೆಂಪು ವಯರಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಸಿಕ್ಕಿಸಬೇಡಿ, ಅದರ ಕ್ರೋಮಿಯಂ ನೀರಿಗೆ ಇಳಿದು ವಿಷ ಆಗುತ್ತದೆ. ಏಳುವ ಗುಳ್ಳೆ ಹೈಡ್ರೋಜನ್. ಡ್ರಮ್ ಬಯಲಲ್ಲಿರಲಿ, ಹತ್ತಿರ ಬೀಡಿ ಬೇಡ, ಕೈ ಹಾಕುವ ಮೊದಲು ಪ್ಲಗ್ ಕೀಳಿ. ತೆಗೆದ ಸಾಮಾನನ್ನು ತೊಳೆದು, ಒಣಗಿಸಿ, ಅವತ್ತೇ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ಅಡಿಕೋಟ್, ಹೊಡೆಯಿರಿ. ನಾಳೆ ಅಂದರೆ ಮತ್ತೆ ಕೆಂಪಗಾಗಿರುತ್ತದೆ.

ತೇಪೆ ಹಾಕುವುದು

ಸತ್ತ ಜಾಗವನ್ನು ಬೆಳ್ಳಗೆ ಹೊಳೆಯುವ ತಗಡು ಸಿಗುವವರೆಗೆ ಕೊಯ್ಯಿರಿ. ಜಿಪುಣತನ ಮಾಡಬೇಡಿ. ರಟ್ಟಿನಲ್ಲಿ ಆಕಾರ ಕತ್ತರಿಸಿ ಕೂರಿಸಿ ನೋಡಿ, ಸರಿ ಅನಿಸಿದ ಮೇಲೆ ತಗಡು ಕತ್ತರಿಸಿ. ಹಳೆಯದು ಎಷ್ಟು ದಪ್ಪವೋ ಹೊಸದೂ ಅಷ್ಟೇ ಇರಲಿ, ನಮ್ಮದಕ್ಕೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ಸರಿಹೋಯಿತು. ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು.

ತೇಪೆಯನ್ನು ಹಳೇ ತಗಡಿನ ಮೇಲೆ ಹೊದಿಸಿ ಅಂಟಿಸುವುದು ಸುಲಭ, ಆದರೆ ಆ ಎರಡು ಪದರದ ಮಧ್ಯೆ ನೀರು ಕೂರುತ್ತದೆ. ಅಂಚಿಗೆ ಅಂಚು ಕೂರಿಸಿ. ಮಾಮೂಲಿ ಆರ್ಕ್ ವೆಲ್ಡಿಂಗ್‌ನಲ್ಲಿ ತೆಳು ತಗಡು ತೂತು ಬೀಳುತ್ತದೆ. 0.8 ಮಿ.ಮೀ. ವಯರಿನ ಮಿಗ್ ಮೆಷಿನ್ (ವಯರ್ ತಾನೇ ಬರುತ್ತಾ ಬೆಸುಗೆ ಹಾಕುವ ಯಂತ್ರ) ಆದರೆ ಒಳ್ಳೆಯದು. ಒಂದೇ ಸಮ ಎಳೆಯಬೇಡಿ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಎದುರು ತುದಿಯಲ್ಲಿ, ಹೀಗೆ ಜಾಗ ಬದಲಿಸುತ್ತಾ, ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ಮುಂದಿನದು. ಒಂದೇ ಕಡೆ ಕಾಯಿಸಿದರೆ ತಗಡು ಅಲೆ ಏಳುತ್ತದೆ, ಆಮೇಲೆ ಎಷ್ಟು ತಟ್ಟಿದರೂ ಸಾಲಲ್ಲ. ಸಂಜೆ ಹಳ್ಳಿಯಲ್ಲಿ ವೋಲ್ಟೇಜ್ ಬೀಳುತ್ತದಲ್ವಾ, ಬೆಸುಗೆ ಬೆಳಿಗ್ಗೆ ಇಟ್ಟುಕೊಳ್ಳಿ. ಮೆಷಿನ್ ಇಲ್ಲದವರು ತೇಪೆ ಕತ್ತರಿಸಿ ಹೊಂದಿಸಿಟ್ಟುಕೊಂಡು, ಬಾಗಿಲು ಪಿಕಪ್‌ನಲ್ಲಿ ಹಾಕಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಹೋದರೆ ಬೆಸುಗೆ ಮಾತ್ರ ಮಾಡಿಕೊಡುವವರು ಸಿಗುತ್ತಾರೆ.

ಮರ

ನಮ್ಮ ಬಾಡಿಯಲ್ಲಿ ಹೊನ್ನೆ, ಮತ್ತಿ ಎರಡೂ ಇದ್ದವು. ಮತ್ತಿಯ ಅಡ್ಡಪಟ್ಟಿ ಇನ್ನೂ ಗಟ್ಟಿ ಇತ್ತು, ಕೊಳೆತದ್ದು ಬೋಲ್ಟ್ ಸುತ್ತ ಮತ್ತು ಹಲಗೆಯ ತುದಿಗಳಲ್ಲಿ. ಹೊಸ ಹಲಗೆ ಬೇಕಾದರೆ ಬಿಲ್ ಕೊಡುವ ಕಡೆಯೇ ತನ್ನಿ. ನಮ್ಮದೇ ತೋಟದ ಹೊನ್ನೆ ಅಂತ ಸುಮ್ನೆ ಕಡಿಯುವ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಚೆನ್ನಾಗಿ ಒಣಗಿದ ಮರವೇ ಆಗಬೇಕು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಹಲಗೆ ಹಲಗೆಯ ಮಧ್ಯೆ ಮೂರು ಮಿಲಿಮೀಟರ್ ಬಿಡಿ. ತುದಿಗೆ, ಬೋಲ್ಟಿನ ತೂತಿನೊಳಗೆ ಕೂಡ ಪ್ರೈಮರ್ ಕುಡಿಸಿ.

ಮರ ಮತ್ತು ತಗಡಿನ ಮಧ್ಯೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿ ಇಡಿ ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಇಟ್ಟಿದ್ದೆ. ಒಂದು ಮಳೆಗಾಲ ಕಳೆದು ಬಿಚ್ಚಿದಾಗ ರಬ್ಬರ್ ಹಿಂದೆ ನೀರು ನಿಂತಿತ್ತು. ಈಗ ಎರಡಕ್ಕೂ ಪ್ರೈಮರ್ ಹೊಡೆದು, ಮಧ್ಯೆ ಪಾಲಿಯುರೆಥೇನ್ ಸೀಲಂಟ್ ತುಂಬಿ ಬಿಗಿಯುತ್ತೇನೆ.

ಈಗ ಬಣ್ಣ

ಬರಿ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್. ರೆಡ್ ಆಕ್ಸೈಡ್ ಅಗ್ಗ, ಆದರೆ ಅದು ತೇವ ತಡೆಯಲ್ಲ. ಪುಟ್ಟಿ ನೀರು ಹೀರುವ ವಸ್ತು, ಹಾಗಾಗಿ ಪ್ರೈಮರ್ ಮೇಲೆಯೇ ಹಚ್ಚಿ, ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಬೇಡ. ಮೊದಲು 80 ನಂಬರ್ ಪೇಪರ್, ಆಮೇಲೆ 180, ಕೊನೆಗೆ 400.

ಗನ್‌ನಲ್ಲಿ ಹೊಡೆಯುವ ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ ಮನೆಯಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರ ಗಾಳಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಮೂಲಿ ಮಾಸ್ಕ್ ನಂಬುವ ಹಾಗಿಲ್ಲ. ಸಿಂಥೆಟಿಕ್ ಎನಾಮೆಲ್ ತಂದು ಬ್ರಷ್‌ನಲ್ಲಿ ತೆಳ್ಳಗೆ ಎರಡು ಮೂರು ಕೋಟ್ ಎಳೆಯಿರಿ. ಹಳೇ ಲಾರಿಗೆ ಬ್ರಷ್ ಗೆರೆ ಕಂಡರೇ ಚೆಂದ. ಮಾರ್ಚ್‌ನಲ್ಲೂ ಬೆಳಿಗ್ಗೆ ತಗಡಿನ ಮೇಲೆ ಇಬ್ಬನಿ ಇರುತ್ತದೆ. ಹನ್ನೊಂದು ಗಂಟೆಗೆ ಶುರು ಮಾಡಿ ಮೂರಕ್ಕೆ ನಿಲ್ಲಿಸಿ.

ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡಿ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಾಗಬೇಕು. ಇನ್ನೊಂದು ಮಾತು, 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ ಬೈಕು, ಕಾರುಗಳಿಗೆ. ಲಾರಿಗೆ ಆ ನೋಂದಣಿ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಕೊನೆಗೆ ನೀರಿನ ಪರೀಕ್ಷೆ. ಬಾಗಿಲ ಕೆಳಗಿನ ತೂತುಗಳು ತೆರೆದಿವೆಯಾ ಅಂತ ತಂತಿ ಹಾಕಿ ನೋಡಿ. ಒಬ್ಬರು ಟಾರ್ಚು, ಚಾಕ್‌ಪೀಸ್ ಹಿಡಿದು ಕ್ಯಾಬಿನ್ ಒಳಗೆ ಕೂರಲಿ, ಇನ್ನೊಬ್ಬರು ತೋಟದ ಪೈಪಿನಲ್ಲಿ ಮೇಲಿಂದ ಹತ್ತು ನಿಮಿಷ ನೀರು ಬಿಡಲಿ. ಹನಿ ಕಂಡಲ್ಲೆಲ್ಲ ಗುರುತು. ನಮ್ಮದರಲ್ಲಿ ತಮ್ಮ ಒಳಗೆ ಕೂತಿದ್ದ, ಏಳು ಕಡೆ ಗುರುತು ಹಾಕಿದ. ಐದು ಮುಚ್ಚಿದ್ದೇವೆ. ಇನ್ನೆರಡು ಗಾಜಿನ ಬೀಡಿಂಗ್ ಹತ್ತಿರ ಇವೆ, ಮಳೆ ಹಿಡಿಯುವುದರೊಳಗೆ ಅದು ಆಗಬೇಕು.