ಅನುದಾನದ ಅರ್ಜಿ ಶುರುವಾದದ್ದು ಎಂಟನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ

ಕಳೆದ ತಿಂಗಳು ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಕೇಳಿದರು: "ಮೇಡಂ, ಪ್ರಾಜೆಕ್ಟು ಅಂದ್ರೆ ಸೈನ್ಸ್‌ನವರಿಗೆ ಅಲ್ವಾ? ಬಿ.ಎಡ್. ಕಾಲೇಜಿನವರಿಗೆ ಯಾರು ದುಡ್ಡು ಕೊಡ್ತಾರೆ?" ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು. ಪಕ್ಕದಲ್ಲಿ ಕೂತು ಹೇಳಿಕೊಡುವವರು ಯಾರೂ ಇರಲಿಲ್ಲ. ಅದಕ್ಕೇ ಸಂಶೋಧನೆಗೆ ಅನುದಾನ ಪಡೆಯಲು ನಾನು ಮಾಡಿದ್ದನ್ನೆಲ್ಲ, ಮಾಡಿದ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ಅರ್ಜಿ ತಿರಸ್ಕಾರ ಆಯಿತು. ಯಾವ ಸಂಸ್ಥೆ ಅನ್ನೋದು ಬೇಡ, ತಪ್ಪು ಅವರದ್ದಲ್ಲ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಬಳಸಿ ಪಾಠ ಮಾಡಿದರೆ ಎಷ್ಟು ಪರಿಣಾಮ ಆಗುತ್ತೆ ಅನ್ನೋ ವಿಷಯ ತೆಗೆದುಕೊಂಡಿದ್ದೆ. ನಾಲ್ಕು ಜಿಲ್ಲೆ, ನೂರಾರು ಮಕ್ಕಳು, ಮೂರು ಬಗೆಯ ಪ್ರಶ್ನಾವಳಿ, ಮೂವತ್ತು ಪುಟದ ಅರ್ಜಿ. ಎರಡು ತಿಂಗಳು ರಾತ್ರಿ ಕೂತು ಬರೆದಿದ್ದೆ. ತಿರಸ್ಕಾರ ಆದಮೇಲೆ ನನ್ನ ಪಿಎಚ್.ಡಿ. ಮಾರ್ಗದರ್ಶಕರಾಗಿದ್ದ ಮೇಷ್ಟ್ರಿಗೆ ತೋರಿಸಿದೆ. ನಿವೃತ್ತರಾಗಿ ಆಗಲೇ ಹತ್ತು ವರ್ಷ ಆಗಿತ್ತು. ಅರ್ಧ ಗಂಟೆ ಓದಿ ಒಂದೇ ಮಾತು ಕೇಳಿದರು: "ಇದನ್ನ ನೀನೇ ಬರೀಬೇಕಿತ್ತೇನಮ್ಮಾ? ಬೇರೆ ಯಾರು ಬೇಕಾದ್ರೂ ಬರೀಬಹುದಿತ್ತಲ್ಲ?"

ಆ ಮಾತು ಬಹಳ ದಿನ ತಲೆಯಲ್ಲಿ ಉಳಿಯಿತು. ಹಾಗಾದರೆ ಬೇರೆಯವರ ಹತ್ತಿರ ಇಲ್ಲದೆ ನಮ್ಮ ಹತ್ತಿರ ಮಾತ್ರ ಇರೋದು ಏನು? ಉತ್ತರ ಕಣ್ಣೆದುರೇ ಇತ್ತು. 2014ರಲ್ಲಿ ಶಿಕ್ಷಕ ತರಬೇತಿ ಕೋರ್ಸುಗಳನ್ನು ನೋಡಿಕೊಳ್ಳುವ ಎನ್‌ಸಿಟಿಇ ನಿಯಮ ಬಂದ ಮೇಲೆ ಬಿ.ಎಡ್. ಎರಡು ವರ್ಷದ ಕೋರ್ಸು ಆಯಿತು. ಎರಡನೇ ವರ್ಷದಲ್ಲಿ 16 ವಾರ ನಮ್ಮ ಪ್ರಶಿಕ್ಷಣಾರ್ಥಿಗಳು ಶಾಲೆಯಲ್ಲೇ ಇರುತ್ತಾರೆ. ಅವರ ಪಾಠ ನೋಡಲು ನಾವೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ವರ್ಷವರ್ಷವೂ ಇಷ್ಟೊಂದು ತರಗತಿಗಳನ್ನು ಒಳಗೆ ಕೂತು ನೋಡುವ ಅವಕಾಶ ಇನ್ನು ಯಾವ ವಿಭಾಗಕ್ಕಿದೆ ಹೇಳಿ! ನಾವು ಮಾತ್ರ ವೀಕ್ಷಣಾ ವರದಿ ತುಂಬಿ, ಅಂಕ ಹಾಕಿ, ರಿಜಿಸ್ಟರನ್ನು ಬೀರುವಿನಲ್ಲಿ ಇಟ್ಟುಬಿಡುತ್ತೇವೆ.

ಹೀಗೇ ಒಂದು ದಿನ ಸರ್ಕಾರಿ ಪ್ರೌಢಶಾಲೆಯ ಎಂಟನೇ ಕ್ಲಾಸಿನಲ್ಲಿ ಕೂತಿದ್ದೆ. ಸಮಾಜ ವಿಜ್ಞಾನದ ಪಾಠ. ನಮ್ಮ ವಿದ್ಯಾರ್ಥಿನಿ ಒಬ್ಬ ಹುಡುಗನನ್ನು ಎಬ್ಬಿಸಿ ಓದು ಅಂದಳು. ಹುಡುಗ "ರಾಷ್ಟ್ರಕೂಟರು" ಅನ್ನೋ ಪದಕ್ಕೆ ಬಂದು ನಿಂತುಬಿಟ್ಟ. ಷಕಾರಕ್ಕೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. "ರಾ... ರಾಷ..." ಅಂದ. ಮತ್ತೆ ಅಂದ. ತಲೆ ತಗ್ಗಿಸಿದ. ಅವಳು "ಪರವಾಗಿಲ್ಲ, ಕೂತ್ಕೋ" ಅಂದು ಪಕ್ಕದವನನ್ನು ಎಬ್ಬಿಸಿದಳು. ಪಾಠ ಮುಂದೆ ಹೋಯಿತು. ಆ ಹುಡುಗ ಗಂಟೆ ಹೊಡೆಯುವವರೆಗೂ ಪುಸ್ತಕ ನೋಡಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ಅವಳೇ ಶುರು ಮಾಡಿದಳು. "ಮೇಡಂ, ಓದೋಕೆ ಬರದ ಹುಡುಗನಿಗೆ ಎಂಟನೇ ಕ್ಲಾಸಲ್ಲಿ ನಾನು ಏನು ಮಾಡಬೇಕು? ನಮಗೆ ಅದನ್ನ ಯಾರೂ ಕಲಿಸಿಲ್ಲ." ಅವಳು ಹೇಳಿದ್ದು ಸರಿ. ಅಕ್ಷರ ಕಲಿಸುವುದು, ಓದು ಕಲಿಸುವುದು ಡಿ.ಎಡ್.ನವರ ಕೆಲಸ ಅಂತ ನಾವು ಅಂದುಕೊಂಡಿದ್ದೇವೆ. ಬಿ.ಎಡ್.ನಲ್ಲಿ ನಾವು ಕಲಿಸುವ ಬೋಧನಾ ವಿಧಾನಗಳೆಲ್ಲ ಮಗುವಿಗೆ ಓದಲು ಬರುತ್ತೆ ಅಂತಲೇ ಶುರುವಾಗುತ್ತವೆ. ನನಗೆ ಪ್ರಶ್ನೆ ಸಿಕ್ಕಿತು: ಓದಿನಲ್ಲಿ ತಡವರಿಸುವ ಮಗು ಎದುರಾದಾಗ ಪ್ರಶಿಕ್ಷಣಾರ್ಥಿ ಆ ಕ್ಷಣದಲ್ಲಿ ಏನು ಮಾಡುತ್ತಾರೆ, ಯಾಕೆ ಹಾಗೆ ಮಾಡುತ್ತಾರೆ? ಇಷ್ಟೇ. ನಾಲ್ಕು ಜಿಲ್ಲೆ ಬೇಡ. ಎರಡು ತಾಲೂಕಿನ ಶಾಲೆಗಳು ಸಾಕು.

ಮರುದಿನ ಬೀರು ತೆಗೆದು ಮೂರು ವರ್ಷದ ವೀಕ್ಷಣಾ ರಿಜಿಸ್ಟರುಗಳನ್ನು ಹೊರಗೆ ಹಾಕಿದೆ. "ಮಗು ಓದಲಿಲ್ಲ, ಶಿಕ್ಷಕಿ ತಾನೇ ಓದಿದರು", "ಪಕ್ಕದ ಮಗುವಿಗೆ ಕೇಳಿದರು" ಅಂತ ನಮ್ಮದೇ ಕೈಬರಹದಲ್ಲಿ ಮತ್ತೆಮತ್ತೆ ಸಿಗುತ್ತಾ ಹೋಯಿತು. ಎರಡನೇ ಅರ್ಜಿಯ ಮೊದಲ ಪುಟ ಅದರಿಂದಲೇ ಆಯಿತು.

ಇನ್ನು ದುಡ್ಡು ಎಲ್ಲಿದೆ ಅನ್ನೋದು. ದೆಹಲಿಯ ಐಸಿಎಸ್‌ಎಸ್‌ಆರ್, ಅಂದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, 1969ರಿಂದ ಇದೆ. ಅವರ ಲೆಕ್ಕದಲ್ಲಿ ಶಿಕ್ಷಣವೂ ಸಮಾಜ ವಿಜ್ಞಾನವೇ. ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಕಿರು ಯೋಜನೆ, ಬೃಹತ್ ಯೋಜನೆ ಎರಡೂ ಉಂಟು. ದಕ್ಷಿಣದ ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಎನ್‌ಸಿಇಆರ್‌ಟಿಯಲ್ಲಿ ಎರಿಕ್ ಅನ್ನೋ ಸಮಿತಿ ಇದೆ. 1974ರಲ್ಲಿ ಶುರುವಾದದ್ದು. ಅದು ಇರುವುದೇ ಶೈಕ್ಷಣಿಕ ಸಂಶೋಧನೆಗೆ. ಹೊರಗಿನ ಕಾಲೇಜು, ವಿಶ್ವವಿದ್ಯಾಲಯದವರಿಗೂ ಕೊಡುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಹೊರಗಿನವರ ಸಂಶೋಧನೆಗೆ ಹಣ ಕೊಟ್ಟಿದೆ. ಅಮೆರಿಕದ ಸ್ಪೆನ್ಸರ್ ಫೌಂಡೇಶನ್ ಶಿಕ್ಷಣ ಸಂಶೋಧನೆಗೇ ಮೀಸಲಾದ ಸಂಸ್ಥೆ, ಅವರ ಸಣ್ಣ ಅನುದಾನಕ್ಕೆ ಬೇರೆ ದೇಶದವರೂ ಅರ್ಜಿ ಹಾಕಬಹುದು. ಆದರೆ ವಿದೇಶಿ ಹಣ ಅಂದಕೂಡಲೇ ವಿದೇಶಿ ದೇಣಿಗೆ ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾನೂನು ಬರುತ್ತದೆ, ಹಾಗಾಗಿ ಬರೆಯಲು ಕೂರುವ ಮೊದಲೇ ಹಣಕಾಸು ವಿಭಾಗದಲ್ಲಿ ವಿಚಾರಿಸಿ. ಇದೆಲ್ಲಕ್ಕಿಂತ ಮೊದಲು ನಿಮ್ಮದೇ ವಿಶ್ವವಿದ್ಯಾಲಯದಲ್ಲಿ ಸೀಡ್ ಮನಿ, ಅಂದರೆ ಸಂಶೋಧನೆ ಶುರುಮಾಡಲು ಕೊಡುವ ಹಣ, ಇದೆಯಾ ಕೇಳಿ. ಸಣ್ಣ ಮೊತ್ತವೇ ಇರಲಿ, ಒಂದು ಪ್ರಾಯೋಗಿಕ ಅಧ್ಯಯನ ಮಾಡಿಕೊಂಡರೆ ಮುಂದಿನ ಅರ್ಜಿಗೆ ತುಂಬ ಬಲ ಬರುತ್ತದೆ.

ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ), ಅಂದರೆ ಕಾಲೇಜಿಗೆ ಯುಜಿಸಿ ಮಾನ್ಯತೆ ಮತ್ತು ಅನುದಾನದ ಅರ್ಹತೆ ಕೊಡುವ ಸೆಕ್ಷನ್ನುಗಳ ಬಗ್ಗೆ ಒಂದು ಮಾತು. ನಮ್ಮದು ವಿಶ್ವವಿದ್ಯಾಲಯದ್ದೇ ಕಾಲೇಜು, ಹಾಗಾಗಿ ಇದರಲ್ಲಿ ತೊಂದರೆ ಆಗಲಿಲ್ಲ. ಸಂಯೋಜಿತ ಕಾಲೇಜಿನಲ್ಲಿರುವ ನನ್ನ ಗೆಳತಿ ಮಾತ್ರ ಅರ್ಜಿ ಪೂರ್ತಿ ಬರೆದಾದ ಮೇಲೆ ತಮ್ಮ ಕಾಲೇಜಿಗೆ 12(ಬಿ) ಇಲ್ಲ ಅಂತ ತಿಳಿದುಕೊಂಡರು. ಪ್ರಕಟಣೆಯಲ್ಲಿ ಅರ್ಹತೆಯ ಸಾಲುಗಳನ್ನು ಮೊದಲು ಓದಿ, ಆ ಪ್ರಮಾಣಪತ್ರ ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗಿ.

ನಾನು ಐಸಿಎಸ್‌ಎಸ್‌ಆರ್‌ನ ಕಿರು ಯೋಜನೆಗೆ ಹಾಕಿದೆ. ಬರೆಯುವಾಗ ನಾನು ಜಾಸ್ತಿ ಕೂತದ್ದು ಬಜೆಟ್ಟಿನ ಮೇಲೆ. ಮೊದಲ ಅರ್ಜಿಯಲ್ಲಿ ಬಜೆಟ್ಟನ್ನು ಕೊನೆಯ ದಿನ ಸುಮ್ನೆ ತುಂಬಿದ್ದೆ, ಪ್ರವಾಸಕ್ಕೆ ಇಷ್ಟು, ಸಾಮಗ್ರಿಗೆ ಇಷ್ಟು ಅಂತ. ಈ ಸಲ ಮೊದಲು ಶಾಲೆಗಳ ಪಟ್ಟಿ ಮಾಡಿದೆ. ಪ್ರತಿ ಶಾಲೆಗೆ ಎಷ್ಟು ಸಲ ಹೋಗಬೇಕು, ಬಸ್ ಹೋಗುತ್ತಾ, ಕೊನೆಯ ಬಸ್ ಎಷ್ಟು ಗಂಟೆಗೆ, ಬಸ್ಸಿಲ್ಲದ ಕಡೆ ಗಾಡಿ ಮಾಡಿದರೆ ಎಷ್ಟು ಅಂತ ಕೇಳಿಕೊಂಡು ಬರೆದೆ. ಒಂದು ಗಂಟೆಯ ರೆಕಾರ್ಡಿಂಗ್ ಕೇಳಿ ಬರಹಕ್ಕೆ ಇಳಿಸಲು ನನಗೆ ಆರು ಗಂಟೆ ಹಿಡಿಯಿತು. ಅದನ್ನು ನಾನೇ ಒಮ್ಮೆ ಮಾಡಿ ನೋಡಿ, ಕ್ಷೇತ್ರ ಸಹಾಯಕರನ್ನು ಎಷ್ಟು ತಿಂಗಳು ಇಟ್ಟುಕೊಳ್ಳಬೇಕು ಅಂತ ಲೆಕ್ಕ ಹಾಕಿದೆ. ಹೀಗೆ ಮಾಡುವಾಗ ಯೋಜನೆಯೇ ಬದಲಾಯಿತು. ಇಪ್ಪತ್ತು ಶಾಲೆ ಅಂದುಕೊಂಡಿದ್ದು ಹನ್ನೊಂದಕ್ಕೆ ಇಳಿಯಿತು. ಬಜೆಟ್ಟು ಸರಿಯಾಗಿ ಬರೆದರೆ ಕೆಲಸ ಆಗುತ್ತೋ ಇಲ್ಲವೋ ಅನ್ನೋದು ಅಲ್ಲೇ ಗೊತ್ತಾಗುತ್ತದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕಾಲದ ಪಟ್ಟಿಯೂ ಹಾಗೇ. ಜೂನ್ ತಿಂಗಳು ದಾಖಲಾತಿ, ಅಕ್ಟೋಬರಿನ ಹೊತ್ತಿಗೆ ದಸರಾ ರಜೆ, ಜನವರಿ ದಾಟಿದರೆ ಎಸ್ಸೆಸ್ಸೆಲ್ಸಿ ತಯಾರಿ. ಜನವರಿ ಆದಮೇಲೆ ಮುಖ್ಯೋಪಾಧ್ಯಾಯರನ್ನು ಹೋಗಿ ತರಗತಿ ಕೊಡಿ ಅಂತ ಕೇಳಬಾರದು, ಅವರ ಕಷ್ಟ ಅವರಿಗಿರುತ್ತದೆ. ಕೆಲಸಕ್ಕೆ ಸಿಗುವುದು ಜುಲೈಯಿಂದ ಸೆಪ್ಟೆಂಬರ್, ಆಮೇಲೆ ನವೆಂಬರ್, ಡಿಸೆಂಬರ್. ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯ ಅನುಮತಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಪತ್ರ ಎರಡಕ್ಕೂ ಒಂದು ತಿಂಗಳು ಇಟ್ಟುಕೊಳ್ಳಿ.

ಇನ್ನೊಂದು ಸಣ್ಣ ವಿಷಯ, ನನ್ನ ಒಂದು ವಾರ ತಿಂದದ್ದು. ನಮ್ಮ ಪ್ರಶ್ನಾವಳಿಗಳೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದವು. ಅದನ್ನು ಅರ್ಜಿಯೊಳಗೆ ಅಂಟಿಸಿದರೆ ಅಕ್ಷರವೆಲ್ಲ ಕಲಸಿಹೋಯಿತು. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿ ಒಂದೊಂದು ಒತ್ತಕ್ಷರವನ್ನೂ ನೋಡಿ ಸರಿಮಾಡಬೇಕಾಯಿತು. ಮೊದಲಿಂದಲೇ ಯೂನಿಕೋಡಿನಲ್ಲಿ ಟೈಪ್ ಮಾಡಿ.

ತಜ್ಞರ ಸಮಿತಿಯ ಮುಂದೆ ಮಾತಾಡಲು ಸಿಕ್ಕಿದ್ದು ಕೆಲವೇ ನಿಮಿಷ. ಸ್ಲೈಡುಗಳನ್ನು ಓದುವ ಬದಲು ರಾಷ್ಟ್ರಕೂಟರ ಪಾಠದ ಆ ಹುಡುಗನ ಕಥೆ ಹೇಳಿದೆ. ಆಮೇಲೆ ಪ್ರಶ್ನೆ, ಆಮೇಲೆ ರಿಜಿಸ್ಟರಿನಲ್ಲಿ ಕಂಡದ್ದು. ಒಬ್ಬರು ಕೇಳಿದರು, ನಿಮ್ಮದೇ ವಿದ್ಯಾರ್ಥಿಗಳನ್ನು ನೀವೇ ಅಧ್ಯಯನ ಮಾಡಿದರೆ ಅಂಕದ ಹೆದರಿಕೆಯಿಂದ ಅವರು ನಿಜ ಹೇಳುತ್ತಾರಾ ಅಂತ. ತುಂಬ ಒಳ್ಳೆಯ ಪ್ರಶ್ನೆ. ನಾನು ಅದಕ್ಕೆ ತಯಾರಿರಲಿಲ್ಲ. ಅಲ್ಲೇ ಒಪ್ಪಿಕೊಂಡೆ. ಅಂಕ ಹಾಕುವವರು ಬೇರೆ, ಸಂದರ್ಶನ ಮಾಡುವವರು ಬೇರೆ ಇರುವ ಹಾಗೆ ಬದಲಿಸುತ್ತೇನೆ ಅಂದೆ. ಹಾಗೇ ಮಾಡಿದೆವು. ಆ ಬದಲಾವಣೆ ಇಲ್ಲದಿದ್ದರೆ ನಮ್ಮ ಮಾಹಿತಿಗೆ ಅರ್ಧ ಬೆಲೆಯೂ ಇರುತ್ತಿರಲಿಲ್ಲ.

ಮಂಜೂರಾತಿ ಪತ್ರ ಬಂದ ದಿನ ನಾನು ಮೊದಲು ಹೋದದ್ದು ಹಣಕಾಸು ವಿಭಾಗದ ಎಫ್‌ಡಿಎ ಅವರ ಹತ್ತಿರ. ಹಣ ಕಂತಿನಲ್ಲಿ ಬರುತ್ತದೆ, ಖರ್ಚು ಸರ್ಕಾರಿ ಹಣದ ಲೆಕ್ಕ ಇಡುವ ಪಿಎಫ್‌ಎಂಎಸ್‌ನಲ್ಲಿ ದಾಖಲಾಗಬೇಕು, ಸಾಮಾನು ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನಲ್ಲಿ ಕೊಳ್ಳಬೇಕು. ಇದು ಯಾವುದೂ ನನಗೆ ಬರುತ್ತಿರಲಿಲ್ಲ. ಅವರು ಎರಡು ಮಧ್ಯಾಹ್ನ ಕೂತು ಹೇಳಿಕೊಟ್ಟರು. ಯೋಜನೆಯ ವರದಿಯಲ್ಲಿ ಕೃತಜ್ಞತೆ ಬರೆಯುವಾಗ ಅವರ ಹೆಸರು ಮೊದಲು ಬರೆದಿದ್ದೇನೆ. ದಯವಿಟ್ಟು ಕಚೇರಿಯವರನ್ನು ಸಹಿಗೆ ಮಾತ್ರ ಹುಡುಕಿಕೊಂಡು ಹೋಗಬೇಡಿ. ಅರ್ಜಿ ಬರೆಯುವಾಗಲೇ ಬಜೆಟ್ಟು ಅವರಿಗೆ ತೋರಿಸಿ.

ಬಸ್ ಟಿಕೆಟ್ಟಿನ ಬಗ್ಗೆ ಹೇಳಲೇಬೇಕು. ಕಂಡಕ್ಟರ ಮೆಷಿನ್ನಿನಿಂದ ಬರುವ ಟಿಕೆಟ್ಟಿನ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಲೆಕ್ಕಪರಿಶೋಧಕರ ಮುಂದೆ ಬಿಳಿ ಚೀಟಿಗಳ ಕಟ್ಟು ಇಡಲು ಆಗಲ್ಲ. ಅದೇ ಸಂಜೆ ಜೆರಾಕ್ಸ್ ಮಾಡಿ, ಎರಡನ್ನೂ ಸೇರಿಸಿ ಪಿನ್ ಹಾಕಿ. ನಮ್ಮ ಕೆಲಸ ಶುರುವಾಗುವ ಹೊತ್ತಿಗೆ ಶಕ್ತಿ ಯೋಜನೆ ಬಂದಿತ್ತು, 2023ರ ಜೂನ್ 11ರಿಂದ. ನನಗೂ ನಮ್ಮ ಕ್ಷೇತ್ರ ಸಹಾಯಕಿಯರಿಗೂ ಶೂನ್ಯ ದರದ ಟಿಕೆಟ್. ಬಸ್ಸಿಗೆ ಇಟ್ಟಿದ್ದ ದುಡ್ಡು ಉಳಿಯಿತು. ಬಸ್ಸಿಲ್ಲದ ಊರುಗಳಿಗೆ ಆಟೋ ಮಾಡಿದ ಖರ್ಚು ಮಾತ್ರ ಅಂದಾಜಿಗಿಂತ ಜಾಸ್ತಿ ಆಯಿತು. ಎರಡೂ ಬಜೆಟ್ಟಿನಲ್ಲಿ ಪ್ರವಾಸದ ಶೀರ್ಷಿಕೆಯಲ್ಲೇ ಇದ್ದದ್ದರಿಂದ ಹೊಂದಿಸಲು ಆಯಿತು. ಶೂನ್ಯ ಟಿಕೆಟ್ಟುಗಳನ್ನೂ ಜೋಪಾನ ಮಾಡಿ, ಆ ದಿನ ನೀವು ಆ ಊರಿಗೆ ಹೋಗಿದ್ದಿರಿ ಅನ್ನೋದಕ್ಕೆ ಅದೇ ದಾಖಲೆ.

ಪೋಷಕರ ಒಪ್ಪಿಗೆ ಪತ್ರದ್ದು ಬೇರೆಯೇ ಪಾಠ. ಮೊದಲು ನಾನು ಬರೆದದ್ದರಲ್ಲಿ ಗೌಪ್ಯತೆ, ಸ್ವಯಂಪ್ರೇರಿತ ಭಾಗವಹಿಸುವಿಕೆ ಅಂತೆಲ್ಲ ಇತ್ತು. ಒಬ್ಬ ತಾಯಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನೀವೇ ಓದಿ ಹೇಳ್ರವ್ವಾ" ಅಂದರು. ಓದಿನ ಬಗ್ಗೆ ಅಧ್ಯಯನ ಮಾಡಲು ಹೊರಟವಳು ಓದಲಾಗದ ಪತ್ರ ತಂದಿದ್ದೆ. ಆ ರಾತ್ರಿ ಮತ್ತೆ ಬರೆದೆ: ನಿಮ್ಮ ಮಗು ಓದುವುದನ್ನು ಐದು ನಿಮಿಷ ರೆಕಾರ್ಡ್ ಮಾಡುತ್ತೇವೆ. ಮಗುವಿನ ಹೆಸರು ಎಲ್ಲೂ ಬರೆಯುವುದಿಲ್ಲ. ಬೇಡ ಅನ್ನಿಸಿದರೆ ಬೇಡ ಅನ್ನಿ, ಮಗುವಿಗೆ ಏನೂ ತೊಂದರೆ ಆಗುವುದಿಲ್ಲ. ಅಷ್ಟೇ ಇಟ್ಟುಕೊಂಡೆವು, ಓದಲು ಬರದವರಿಗೆ ಓದಿ ಹೇಳಿದೆವು. ಇಬ್ಬರು ಪೋಷಕರು ಬೇಡ ಅಂದರು. ಅವರ ಮಕ್ಕಳನ್ನು ಬಿಟ್ಟೆವು.

ಎರಡನೇ ಕಂತು ತಡವಾಯಿತು. ಕಾರಣ ನಾನೇ. ಸಾಮಗ್ರಿಯ ಶೀರ್ಷಿಕೆಯಲ್ಲಿ ಮಾಡಬೇಕಾದ ಒಂದು ಖರ್ಚನ್ನು ಸಾದಿಲ್ವಾರಿನಲ್ಲಿ (ಇತರೆ ಸಣ್ಣಪುಟ್ಟ ಖರ್ಚಿನಲ್ಲಿ) ತೋರಿಸಿದ್ದೆ. ಬಳಕೆ ಪ್ರಮಾಣಪತ್ರ ಕೇಂದ್ರ ಸರ್ಕಾರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯಲ್ಲಿ ಹೋಗಬೇಕು, ಅದರ ಅಂಕಿ ಮತ್ತು ಖರ್ಚಿನ ಪಟ್ಟಿಯ ಅಂಕಿ ಒಂದೇ ಇರಬೇಕು. ನಮ್ಮದು ಹೊಂದಲಿಲ್ಲ, ವಾಪಸ್ ಬಂತು. ಸರಿಮಾಡಿ ಹಣಕಾಸು ಅಧಿಕಾರಿಗಳ ಸಹಿ ಮತ್ತೆ ಪಡೆಯುವಷ್ಟರಲ್ಲಿ ತಿಂಗಳುಗಳು ಹೋದವು. ಆ ಅವಧಿಯಲ್ಲಿ ಕ್ಷೇತ್ರ ಸಹಾಯಕಿಯರಿಗೆ ಸಂಬಳ ನಿಂತಿತು. ಇದು ನನಗೆ ಇವತ್ತಿಗೂ ನೋವಿನ ವಿಷಯ. ಒಬ್ಬಳು ಊರಿಂದ ಬಂದು ಬಾಡಿಗೆ ರೂಮಿನಲ್ಲಿದ್ದಳು. ಆಮೇಲಿನಿಂದ ಪ್ರತಿ ಶುಕ್ರವಾರ ಸಂಜೆ ಒಂದು ಗಂಟೆ ಲೆಕ್ಕಕ್ಕೇ ಇಟ್ಟೆ, ಬೇರೆ ಕೆಲಸ ಇಲ್ಲ. ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಬಂದರೆ ಅದೂ ಸರ್ಕಾರಕ್ಕೆ ವಾಪಸ್ ಹೋಗಬೇಕು, ಖರ್ಚು ಮಾಡುವಂತಿಲ್ಲ. ಇದನ್ನೂ ಆಗಲೇ ತಿಳಿದುಕೊಂಡೆ.

ಅಧ್ಯಯನದಲ್ಲಿ ಕಂಡದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು. ತಡವರಿಸುವ ಮಗುವನ್ನು "ಕೂತ್ಕೋ" ಅಂದವರಲ್ಲಿ ಹೆಚ್ಚಿನವರು ಮಗುವಿಗೆ ಅವಮಾನ ಆಗಬಾರದು ಅಂತಲೇ ಹಾಗೆ ಮಾಡಿದ್ದರು. ಅವರಿಗೆ ಕಾಳಜಿ ಇತ್ತು, ಏನು ಮಾಡಬೇಕು ಅನ್ನೋದು ಗೊತ್ತಿರಲಿಲ್ಲ. ಆದ್ದರಿಂದ ಈಗ ನಮ್ಮಲ್ಲಿ ಶಾಲೆಗೆ ಕಳಿಸುವ ಮೊದಲು ಇದಕ್ಕೆಂದೇ ಕೆಲವು ತರಗತಿ ಇಟ್ಟಿದ್ದೇವೆ. ಪಾಠದಲ್ಲಿ ಬರುವ ಕಷ್ಟದ ಒತ್ತಕ್ಷರಗಳನ್ನು ಮೊದಲೇ ಗುರುತಿಸಿ ಬೋರ್ಡಿನ ಮೇಲೆ ಬಿಡಿಸಿ ಬರೆಯುವುದು, ಇಬ್ಬಿಬ್ಬರನ್ನು ಜೋಡಿ ಮಾಡಿ ಓದಿಸುವುದು, ಮಗು ನಿಂತಾಗ ಎಷ್ಟು ಹೊತ್ತು ಕಾಯಬೇಕು ಅನ್ನೋದು. ಅನುದಾನದಲ್ಲಿ ಕೊಂಡ ರೆಕಾರ್ಡರುಗಳು ಕಾಲೇಜಿನ ಸ್ವತ್ತಾಗಿವೆ, ಪ್ರಶಿಕ್ಷಣಾರ್ಥಿಗಳು ತಮ್ಮದೇ ಪಾಠ ರೆಕಾರ್ಡ್ ಮಾಡಿ ಕೇಳಲು ಬಳಸುತ್ತಿದ್ದಾರೆ.

ಪ್ರಶ್ನೆ ಕೇಳಿದ ಆ ಹೊಸ ಸಹೋದ್ಯೋಗಿಗೆ ಸಂಸ್ಥೆಗಳ ಪಟ್ಟಿ ಕೊಡಲಿಲ್ಲ. ನಾಲ್ಕು ಶಾಲೆಗೆ ಹೋಗಿ ಬನ್ನಿ ಅಂದೆ. ಅವರು ಗಣಿತದವರು. ಮೊನ್ನೆ ಗುರುವಾರ ವಾಪಸ್ ಬಂದು ಬ್ಯಾಗು ಕೂಡ ಕೆಳಗಿಡದೆ ಹೇಳಿದರು: "ಮೇಡಂ, ಒಬ್ಬಳು ಹುಡುಗಿ ಕೂಡೋದು ಕಳೆಯೋದು ಎಲ್ಲ ಸರಿಯಾಗಿ ಮಾಡ್ತಾಳೆ. ಅದೇ ಲೆಕ್ಕವನ್ನ ಮಾತಲ್ಲಿ ಕೊಟ್ಟರೆ ಪೆನ್ನೇ ಎತ್ತಲ್ಲ. ನಮ್ಮ ಹುಡುಗ ಅವಳಿಗೆ ಲೆಕ್ಕವನ್ನೇ ಮತ್ತೆ ಹೇಳಿಕೊಟ್ಟ, ಮಾತನ್ನ ಬಿಡಿಸಿ ಹೇಳಲೇ ಇಲ್ಲ." ಶನಿವಾರ ಮಧ್ಯಾಹ್ನ ಗಣಿತದ ವೀಕ್ಷಣಾ ರಿಜಿಸ್ಟರುಗಳನ್ನು ಹೊರಗೆ ತೆಗೆದು ಇಬ್ಬರೂ ಕೂರುತ್ತಿದ್ದೇವೆ.